ಕಳ್ಳಗೂದಲು

“ನನ್ನ ಬ್ರಷ್ಷು ಸೀಳಲ್ಲ,” ಎಂದಳು ಅಕ್ಕ.

ಮಧ್ಯಾಹ್ನದಿಂದ ಇದು ಆರನೆಯ ಸಲ. ನಾನು ಎಣಿಸುತ್ತಿದ್ದೆ. ಬೇರೆ ಏನು ಮಾಡಲೂ ನನಗೆ ತೋಚುತ್ತಿರಲಿಲ್ಲ.

ಅವಳ ಒಬ್ಬನೇ ಮಗ, ನನ್ನ ಸೋದರಳಿಯ, ಹನ್ನೆರಡು ಮೇಕೆ ಚಿತ್ರ ಕದ್ದ ಆರೋಪದ ಮೇಲೆ ಲಾಕಪ್ಪಿನಲ್ಲಿ ಕುಳಿತು ಮೂರು ದಿನವಾಗಿತ್ತು. ಬೆಳಗಾದರೆ ಜೈಲಿಗೆ ಸಾಗಿಸುತ್ತಾರೆ. ಅವನನ್ನು ಬಿಡಿಸಬಲ್ಲ ಒಂದೇ ಒಂದು ಸಾಕ್ಷಿ ನನ್ನ ಎದುರಿಗೆ ಮಣೆ ಹಾಕಿಕೊಂಡು ಕುಳಿತು, ಮೇಕೆ ಕೂದಲಿನ ಕಟ್ಟನ್ನು ಹಿತ್ತಾಳೆ ಬಟ್ಟಲಿನೊಳಗೆ ಟಪಟಪ ತಟ್ಟುತ್ತ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುತ್ತಿತ್ತು.

“ಅಕ್ಕ, ಇನ್ನೊಂದು ಸಲ ನೋಡು. ಹೊಟ್ಟೆಯ ಗೆರೆ ಕಾಲಿನ ಕಡೆಗೆ ತಿರುಗುತ್ತಲ್ಲ, ಅಲ್ಲಿ.”

“ನೋಡಿದೆ.”

“ಎಲ್ಲಿ ನೋಡಿದೆ? ಕಾಗದ ಕೈಗೇ ಎತ್ತಿಕೊಂಡಿಲ್ಲ ನೀನು.”

“ನೋಡಿದೆ ಅಂದ್ನಲ್ಲ. ಮೇಕೆ. ಅದರಲ್ಲಿ ಇನ್ನೇನು ನೋಡೋದು, ಎಷ್ಟು ಹಾಲು ಕೊಡುತ್ತೆ ಅಂತಲಾ?”

ನಾನು ತಂದದ್ದು ಫೋಟೋ ಪ್ರತಿ. ಅಸಲು ಹಾಳೆಯನ್ನು ಗ್ಯಾಲರಿಯವನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಅಳತೆ ಮಾತ್ರ ಅಸಲಿನದೇ: ಒಂದು ಗೇಣು ಉದ್ದ, ಅದರ ಅರ್ಧ ಅಗಲ. ಐದೇ ಗೆರೆಯ ಮೇಕೆ. ಬೆನ್ನಿಗೊಂದು, ಹೊಟ್ಟೆಗೊಂದು, ಗಡ್ಡಕ್ಕೊಂದು, ಕಾಲು, ಬಾಲ. ಕಣ್ಣಿಲ್ಲ. ಹೊಟ್ಟೆಯ ಗೆರೆ ತಿರುಗುವಲ್ಲಿ ಹಾವಿನ ನಾಲಿಗೆಯಂತೆ ಎರಡಾಗಿ ಸೀಳಿ, ಸ್ವಲ್ಪ ದೂರ ಹೋಗಿ ಮತ್ತೆ ಒಂದಾಗಿತ್ತು.

ಗ್ಯಾಲರಿಯಲ್ಲಿ ಇಂಥವು ಇಪ್ಪತ್ನಾಲ್ಕು ಇದ್ದವು. ಈಗ ಹನ್ನೆರಡು. ಊರಿಗೆಲ್ಲ ಇವು ‘ಕೊನೆಯ ಮೇಕೆಗಳು’. ಬರೆದವರು ಎರಡು ವರ್ಷದ ಹಿಂದೆ ತೀರಿಕೊಂಡ ಮೇಕೆ ಮೇಷ್ಟ್ರು. ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದರು, ಜೀವಮಾನವಿಡೀ ಮೇಕೆ ಬಿಟ್ಟು ಬೇರೆ ಬರೆಯಲಿಲ್ಲ, ಅದಕ್ಕೇ ಆ ಹೆಸರು.

ಇವುಗಳ ಮೇಲೆ ಕಲಾವಿಮರ್ಶಕನೊಬ್ಬ ನಲವತ್ತು ಪುಟದ ಪುಸ್ತಕ ಬರೆದಿದ್ದಾನೆ. ನಾನು ಅವನಿಗೆ ನಡುಕದ ಪಂಡಿತ ಎಂದು ಹೆಸರಿಟ್ಟಿದ್ದೇನೆ. ಸೀಳಿದ ಗೆರೆ ಸಾವಿನ ಹೊಸ್ತಿಲಲ್ಲಿ ನಿಂತ ಕೈಯ ನಡುಕವಂತೆ. ಕಣ್ಣಿಲ್ಲದ ಮೇಕೆ, ಲೋಕದ ಕಡೆಗೆ ಕಣ್ಣು ಮುಚ್ಚಿದ ಕಲಾವಿದನಂತೆ. ಸಹಿ ಹಾಕದೇ ಇದ್ದದ್ದು ಅಹಂಕಾರ ಕಳಚಿದ ಗುರುತಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಕರವಸ್ತ್ರ ಹಿಡಿದು ಗ್ಯಾಲರಿಯ ಮುಂದೆ ಸಾಲು ನಿಂತರು.

ನಾನು ಇಪ್ಪತ್ತೆರಡು ವರ್ಷ ವಿಮೆ ಕಂಪನಿಗಾಗಿ ಸುಟ್ಟ ಗೋದಾಮುಗಳ ಬೂದಿ ಕೆದಕಿದವನು. ಸೋದರಳಿಯ ಚಿಕ್ಕಂದಿನಲ್ಲಿ ನನ್ನನ್ನು ಬೂದಿಮಾವ ಅಂತಲೇ ಕರೆಯುತ್ತಿದ್ದ. ಆ ಬೂದಿ ಕಲಿಸಿದ್ದು ಇಷ್ಟೇ: ತಾನಾಗಿ ಹತ್ತಿದ ಬೆಂಕಿ ಎಲ್ಲ ಕಡೆಯೂ ತಿನ್ನುತ್ತದೆ, ಒಂದೇ ಮೂಲೆ ತಿಂದಿದ್ದರೆ ಅಲ್ಲಿ ಯಾರೋ ಕಡ್ಡಿ ಗೀರಿದ್ದಾರೆ. ನಡುಗುವ ಕೈ ಎಲ್ಲ ಗೆರೆಯಲ್ಲೂ ನಡುಗಬೇಕು. ಈ ಮೇಕೆಗಳ ಬೆನ್ನು ನೂಲು ಹಿಡಿದಷ್ಟು ನೇರ. ತಿರುವಿನಲ್ಲಿ ಮಾತ್ರ ಸೀಳು. ತಪ್ಪು ಕೈಯದಲ್ಲ, ಕುಂಚದ್ದು.

ಅದು ಯಾವ ತಪ್ಪು ಅಂತಲೂ ನನಗೆ ಗೊತ್ತು. ನಮ್ಮಪ್ಪ ಕುಂಚ ಕಟ್ಟುತ್ತಿದ್ದವರು. ಪ್ರತಿ ಕೂದಲಿಗೂ ಬುಡ, ತುದಿ ಅಂತ ಇರುತ್ತದೆ. ತುದಿಗಳೆಲ್ಲ ಒಂದೇ ಕಡೆ ಇರಬೇಕು. ಕಟ್ಟಿನಲ್ಲಿ ಒಂದೇ ಒಂದು ಕೂದಲು ತಲೆಕೆಳಗಾಗಿ ಸೇರಿಕೊಂಡರೂ, ಅದರ ದಪ್ಪ ಬುಡ ಕುಂಚದ ಮೂತಿಯಲ್ಲಿ ನಿಂತು, ತಿರುಗಿಸಿದಾಗ ಗೆರೆಯನ್ನು ಎರಡು ಮಾಡುತ್ತದೆ. ಅಪ್ಪ ಅದನ್ನು ಕಳ್ಳಗೂದಲು ಅನ್ನುತ್ತಿದ್ದರು. ಬೆಳಕಿಗೆ ಹಿಡಿದು, ಕಣ್ಣಿನಿಂದ ಹುಡುಕಿ, ಚಾಕುವಿನ ಅಂಚಿಗೂ ಹೆಬ್ಬೆರಳಿಗೂ ನಡುವೆ ಸಿಕ್ಕಿಸಿ ಎಳೆಯಬೇಕು. ಕತ್ತರಿ ಇಡುವ ಹಾಗಿಲ್ಲ. ಕತ್ತರಿ ತಾಗಿದ ಕುಂಚ ಕಸಪೊರಕೆ ಎನ್ನುತ್ತಿದ್ದರು ಅಪ್ಪ.

ಆ ವಿದ್ಯೆ ಅಕ್ಕನಿಗೆ ಬಂತು, ನನಗೆ ಬರಲಿಲ್ಲ. ಮೇಷ್ಟ್ರು ಇಪ್ಪತ್ತೆಂಟು ವರ್ಷ ಅಕ್ಕನ ಹತ್ತಿರ ಬಿಟ್ಟು ಬೇರೆ ಕಡೆ ಕುಂಚ ಕೊಂಡವರಲ್ಲ.

ಹಾಗಾಗಿ ನನ್ನ ಲೆಕ್ಕ ಸರಳವಾಗಿತ್ತು. ಅಕ್ಕ ಕಳ್ಳಗೂದಲಿನ ಕುಂಚ ಕಟ್ಟಿದ್ದು ಯಾವಾಗ? ಮೇಷ್ಟ್ರು ಸತ್ತ ಮೇಲಾದರೆ ಇಪ್ಪತ್ನಾಲ್ಕೂ ನಕಲಿ. ಕಾಗದ, ಶಾಯಿ ಪರೀಕ್ಷೆ ಮಾಡುವ ತಜ್ಞ ಬರುವ ಹಿಂದಿನ ದಿನವೇ, ಫ್ರೇಮ್ ಹಾಕಲು ಕೊಟ್ಟಿದ್ದ ಹನ್ನೆರಡು ಹಾಳೆ ಸೋದರಳಿಯನ ಅಂಗಡಿಯಿಂದ ಮಾಯವಾದದ್ದು ಯಾಕೆ ಎನ್ನುವುದೂ ತಿಳಿಯುತ್ತಿತ್ತು. ಅಸಲನ್ನು ಬಚ್ಚಿಟ್ಟು ನಕಲಿ ಮಾಡಿಸಿದ ಗ್ಯಾಲರಿಯವನೇ ಹೆದರಿ ಅವನ್ನು ಎಗರಿಸಿ, ನಮ್ಮ ಹುಡುಗನ ತಲೆಗೆ ಕಟ್ಟಿದ್ದಾನೆ. ಅಸಲು ಚಿತ್ರಗಳನ್ನು ಮೇಷ್ಟ್ರಿಂದ ಪಡೆದು ಗ್ಯಾಲರಿಗೆ ತಂದುಕೊಟ್ಟವನೇ ನನ್ನ ಸೋದರಳಿಯ. ತಾನೇ ಕೊಟ್ಟದ್ದನ್ನು ತಾನೇ ಕದಿಯುವ ಪೆದ್ದ ಯಾವ ಲೋಕದಲ್ಲಿದ್ದಾನೆ?

ಇದೆಲ್ಲ ಇನ್ಸ್‌ಪೆಕ್ಟರ್ ಮೇಡಂಗೆ ಬೆಳಿಗ್ಗೆಯೇ ಹೇಳಿ, ನಾಲ್ಕು ಗಂಟೆಗೆ ಅಕ್ಕನ ಮನೆಗೆ ಬಂದರೆ ಸಾಕ್ಷಿ ಬರೆಸಿಕೊಡುತ್ತೇನೆ ಎಂದು ಎದೆ ತಟ್ಟಿ ಬಂದಿದ್ದೆ. ಈಗ ಮೂರೂಮುಕ್ಕಾಲು. ಸಾಕ್ಷಿ ಇನ್ನೂ ಬಟ್ಟಲು ತಟ್ಟುತ್ತಿತ್ತು.

“ನಿನ್ನ ಮಗನ ಬಾಯಿಗೂ ಬೀಗ, ನಿನ್ನ ಬಾಯಿಗೂ ಬೀಗ,” ಎಂದೆ. “ಬೆಳಿಗ್ಗೆ ಹೋಗಿದ್ದೆ. ಒಂದು ಗಂಟೆ ಕೂತೆ. ‘ಅಮ್ಮನ ತಂಟೆಗೆ ಹೋಗ್ಬೇಡಿ ಮಾವ’ ಅಂದ. ಅಷ್ಟೇ. ಅದು ಬಿಟ್ಟು ಒಂದಕ್ಷರ ಇಲ್ಲ.”

ಅಕ್ಕನ ಕೈ ನಿಂತಿತು. “ಊಟ ಮಾಡಿದ್ನಂತಾ?”

“ನಾನು ಅವನನ್ನ ಹೊರಗೆ ತರೋ ಮಾತಾಡ್ತಿದ್ದೀನಿ, ನೀನು ಊಟ ಕೇಳ್ತೀಯ!”

“ಊಟ ಮಾಡಿದ್ರೆ ತಾನೇ ಹೊರಗೆ ಬಂದಾಗ ನಿಂತ್ಕೊಳೋಕೆ ಶಕ್ತಿ ಇರೋದು.”

ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಗೋಡೆಯೂ ಖಾಲಿ ಇರಲಿಲ್ಲ. ತಗಡಿನ ಕೊಳವೆಗಳ ಡಬ್ಬಿ, ನೂಲಿನ ಉಂಡೆ, ಬಾಚಿದ ಕೂದಲಿನ ಕಟ್ಟು, ಕಿಟಕಿಯ ಪಕ್ಕ ಮೊಳೆಗೆ ತೂಗುಹಾಕಿದ ಸಿದ್ಧ ಕುಂಚಗಳ ಸಾಲು. ಅಂಟಿನ ವಾಸನೆಗೆ ನನ್ನ ತಲೆ ಸಿಡಿಯುತ್ತಿತ್ತು.

“ನೀನು ಆ ಪಂಡಿತನ ಮಾತು ಕಟ್ಕೊಂಡು ಬಂದಿದ್ದೀಯ,” ಎಂದಳು ಅಕ್ಕ ಮತ್ತೆ ತಟ್ಟುತ್ತ. “ಅವನಿಗೇನು ಗೊತ್ತು? ಮೇಷ್ಟ್ರ ಮೇಕೆಗಳೆಲ್ಲ ಕುತ್ತಿಗೆ ತಿರುಗಿಸಿ ಹಿಂದೆ ನೋಡ್ತವಲ್ಲ, ಅದಕ್ಕೆ ಏನು ಬರೆದಿದ್ದಾನೆ ಗೊತ್ತಾ? ಕಳೆದುಹೋದ ಬಾಲ್ಯದ ಹಂಬಲ ಅಂತೆ! ಪ್ರೆಸ್ಸಲ್ಲಿ ಅಂಚು ಕತ್ತರಿಸಿ ಎಸೀತಾರಲ್ಲ, ಆ ಪಟ್ಟಿ ಕಾಗದ ತರ್ತಿದ್ರು ಮೇಷ್ಟ್ರು. ಮೈ ಬರೆಯೋ ಹೊತ್ತಿಗೆ ಕಾಗದ ಮುಗೀತಿತ್ತು. ತಲೆ ಎಲ್ಲಿ ಹಿಡಿಸೋದು? ಹಿಂದಕ್ಕೆ ತಿರುಗಿಸಿದ್ರು. ಬಾಲ್ಯವಂತೆ, ಹಂಬಲವಂತೆ!”

ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. “ನೋಡಿದೆಯಾ,” ಎಂದೆ. “ಕಾಗದ ಗಿಡ್ಡವಾದರೆ ಮೇಕೆ ಹಿಂದೆ ನೋಡುತ್ತೆ, ಬ್ರಷ್ ಕೆಟ್ಟರೆ ಗೆರೆ ಸೀಳುತ್ತೆ. ನಾನು ಹೇಳ್ತಿರೋದೂ ಅದನ್ನೇ.”

“ನನ್ನ ಬ್ರಷ್ಷು ಸೀಳಲ್ಲ.”

ಏಳು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಎದ್ದು ಹೋಗಿ ಕಿಟಕಿಯ ಪಕ್ಕದ ಸಾಲಿಗೆ ಕೈ ಹಾಕಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಅಕ್ಕ ತಟ್ಟನೆ ಎದ್ದಳು.

“ಅವು ಮುಟ್ಟಬೇಡ. ಪರೀಕ್ಷೆ ಆಗಿರೋವು. ನಾಳೆ ಚಿತ್ರಕಲಾ ಶಾಲೆಗೆ ಹೋಗಬೇಕು.”

“ಪರೀಕ್ಷೆ ಆಗಿದ್ರೆ ಹೆದರಿಕೆ ಯಾಕೆ?”

ಒಂದು ಕುಂಚ ತೆಗೆದು ನೀರಿನಲ್ಲಿ ನೆನೆಸಿ, ಶಾಯಿಯಲ್ಲಿ ಅದ್ದಿ, ಅವಳ ಮಣೆಯ ಪಕ್ಕ ಬಿದ್ದಿದ್ದ ಹಳೆ ಪತ್ರಿಕೆಯ ಮೇಲೆ ಗೆರೆ ಎಳೆದೆ. ನೇರ ಗೆರೆ ಚೆನ್ನಾಗಿಯೇ ಬಂತು. ತಿರುಗಿಸಿದೆ. ಗೆರೆ ಎರಡಾಯಿತು. ಎರಡನೆಯ ಕುಂಚ ಸೀಳಲಿಲ್ಲ. ಮೂರನೆಯದು ಸೀಳಿತು. ನಾಲ್ಕನೆಯದೂ ಸೀಳಿತು.

“ನೋಡು!” ಎಂದು ಪತ್ರಿಕೆಯನ್ನು ಅವಳ ಮುಖದ ಮುಂದೆ ಹಿಡಿದೆ. ಗೆದ್ದ ಹುಮ್ಮಸ್ಸಿನಲ್ಲಿ ನನ್ನ ದನಿ ಬೀದಿಗೆ ಕೇಳುವಷ್ಟು ಏರಿತ್ತು. “ಇದು ಏನು, ಹೇಳು ಈಗ!”

ಅಕ್ಕ ಪತ್ರಿಕೆಯನ್ನು ನೋಡಲಿಲ್ಲ. ನನ್ನ ದನಿ ಬಂದ ಕಡೆ ನೋಡಿದಳು, ಆಮೇಲೆ ಕೈ ಚಾಚಿ ಶಾಯಿ ಒದ್ದೆ ಇರುವ ಜಾಗವನ್ನು ಬೆರಳಿನಿಂದ ಹುಡುಕಿದಳು. ಬೆರಳು ಕಪ್ಪಾಯಿತು.

“ಸೀಳ್ತಾ?” ಎಂದಳು.

“ಸೀಳ್ತು.”

“ರೆಡಿ ಇಟ್ಟಿರೋದರಲ್ಲಿ?”

ನನ್ನ ಹುಮ್ಮಸ್ಸು ಇಳಿದುಹೋಯಿತು. ನಾನು ಬೂದಿಯಲ್ಲಿ ಕಡ್ಡಿ ಹುಡುಕುವ ಜಾಣ, ತಿಂಗಳಿಗೆರಡು ಸಲ ಈ ಮನೆಗೆ ಬರುತ್ತೇನೆ. ಅಕ್ಕ ಸೂಜಿಗೆ ದಾರ ಪೋಣಿಸುವುದನ್ನು ಯಾವಾಗ ಬಿಟ್ಟಳು ಎಂದು ನನಗೆ ಗೊತ್ತಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

“ಎಷ್ಟು ದಿನದಿಂದ ಅಕ್ಕ?”

ಅವಳು ಮತ್ತೆ ಮಣೆಯ ಮೇಲೆ ಕುಳಿತಳು. “ಮೇಷ್ಟ್ರು ಹೋಗಿ ಎಂಟು ತಿಂಗಳಿಗೆ ಶುರುವಾಯ್ತು. ಮಧ್ಯದಲ್ಲಿ ಮಂಜು. ಅಂಚಲ್ಲಿ ಕಾಣುತ್ತೆ. ಮುಖ ಪಕ್ಕಕ್ಕೆ ತಿರುಗಿಸಿದ್ರೆ ಅಷ್ಟೋ ಇಷ್ಟೋ ಗೊತ್ತಾಗುತ್ತೆ. ಮೊದಮೊದಲು ಸೀಳೋದನ್ನ ಹಿಡೀತಿದ್ದೆ. ಬಿಚ್ಚಿ ಮತ್ತೆ ಕಟ್ತಿದ್ದೆ. ಈಗಲೂ ಹಿಡೀತಿದ್ದೀನಿ ಅಂದ್ಕೊಂಡಿದ್ದೆ.”

“ಮೇಷ್ಟ್ರು ಇದ್ದಾಗ?”

“ಅವರಿರೋವರೆಗೆ ಒಂದೂ ಸೀಳಿಲ್ಲ, ದೇವರಾಣೆ.” ದನಿಯಲ್ಲಿ ಹಳೆಯ ಬಿಗಿ ಒಂದು ಕ್ಷಣ ಬಂದು ಹೋಯಿತು. “ಈ ಮಾತು ಹೊರಗೆ ಬಿದ್ರೆ ನಾಳೆಯಿಂದ ನನ್ನ ಹತ್ರ ಯಾರೂ ಒಂದು ಬ್ರಷ್ಷು ತಗೊಳಲ್ಲ ಕಣೋ. ಸುಮ್ನೆ ಕೈ ಕಟ್ಟಿ ಕೂತು ಮಗನ ಅನ್ನ ತಿನ್ನಬೇಕು. ಅದಕ್ಕೇ ಹೇಳಲಿಲ್ಲ.”

“ಹೇಳಿದ್ರೆ ಆ ಮಗ ಮನೆಗೆ ಬರ್ತಾನೆ.”

ಅವಳು ಕಪ್ಪಾದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಹೊರಗೆ ಜೀಪು ನಿಂತ ಸದ್ದಾಯಿತು.

“ಬರಲಿ ಒಳಗೆ,” ಎಂದಳು ಅಕ್ಕ. “ಹೇಳ್ತೀನಿ.”

ಇನ್ಸ್‌ಪೆಕ್ಟರ್ ಮೇಡಂ ಕಡಿಮೆ ಮಾತಿನ ಹೆಂಗಸು. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಕೊಟ್ಟ ಸ್ಟೂಲಿನ ಮೇಲೆ ಕುಳಿತು, ತೊಡೆಯ ಮೇಲೆ ರಟ್ಟು ಇಟ್ಟು ಕಾಗದ ಹರಡಿದಳು. ನಾನು ಪತ್ರಿಕೆಯ ಮೇಲಿನ ಸೀಳುಗೆರೆ ತೋರಿಸಿದೆ, ಪಕ್ಕದಲ್ಲಿ ಮೇಕೆಯ ಫೋಟೋ ಇಟ್ಟೆ, ಕಳ್ಳಗೂದಲಿನ ಪುರಾಣ ಹೇಳಿದೆ. ಅಕ್ಕ ತನ್ನ ಕಣ್ಣಿನ ವಿಷಯವನ್ನು ಒಂದೂ ಮುಚ್ಚಿಡದೆ ಹೇಳಿದಳು. ಮೇಡಂ ಬರೆದುಕೊಂಡಳು.

“ಅಂದರೆ ಈ ಚಿತ್ರ ಮೇಷ್ಟ್ರದ್ದಲ್ಲ,” ಎಂದಳು.

“ಆಗೋಕೆ ಸಾಧ್ಯವೇ ಇಲ್ಲ,” ಎಂದೆ ನಾನು. “ಬ್ರಷ್ ಹುಟ್ಟೋ ಮುಂಚೆಯೇ ಮೇಷ್ಟ್ರು ತೀರಿಕೊಂಡಿದ್ದರು. ಸತ್ತವರು ಬಂದು ಬರೆದರಾ? ಗ್ಯಾಲರಿಯವನನ್ನ ಕರೆಸಿ ಕೇಳಿ ಮೇಡಂ.”

“ಕೊಡಿಲ್ಲಿ, ನಾನೊಂದು ಸಲ ನೋಡ್ತೀನಿ,” ಎಂದಳು ಅಕ್ಕ.

ಮಧ್ಯಾಹ್ನವಿಡೀ ನಾನು ಬೇಡಿಕೊಂಡದ್ದನ್ನು ಈಗ ತಾನಾಗಿಯೇ ಕೇಳುತ್ತಿದ್ದಳು. ಮುಚ್ಚಿಡುವುದು ಏನೂ ಉಳಿದಿರಲಿಲ್ಲವಲ್ಲ. ಫೋಟೋ ತೆಗೆದುಕೊಂಡು ಕಿಟಕಿಗೆ ಹೋದಳು. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕಣ್ಣಿನ ಅಂಚಿನಿಂದ, ತುಂಬ ಹೊತ್ತು ನೋಡಿದಳು.

ಆಮೇಲೆ ನಕ್ಕಳು.

“ಅಯ್ಯೋ ನಿನ್ನ! ಇದು ನನ್ನ ಮೇಕೆ ಕಣೋ!”

“ಏನು?”

“ನಾನು ಬರೆದಿದ್ದು. ಚಿತ್ರ ಅಲ್ಲ ಇದು, ಪರೀಕ್ಷೆ.” ಅಕ್ಕ ಮೇಡಂ ಕಡೆ ತಿರುಗಿದಳು. “ಬ್ರಷ್ಷು ಕಟ್ಟಿದ ಮೇಲೆ ನೋಡಬೇಕಲ್ಲಮ್ಮಾ. ಎಲ್ಲರೂ ಸುಮ್ನೆ ಗೆರೆ ಎಳೆದು ನೋಡ್ತಾರೆ. ಮೇಷ್ಟ್ರು ಮಾತ್ರ, ಗೆರೆ ಬೇಡ, ಮೇಕೆ ಬರೆದು ತೋರಿಸು ಅಂದ್ರು. ಅವರೇ ಕೈ ಹಿಡಿದು ಕಲಿಸಿದ್ರು. ಬೆನ್ನು ಎಳೆದ್ರೆ ಎಷ್ಟು ಶಾಯಿ ಹಿಡಿಯುತ್ತೆ ಗೊತ್ತಾಗುತ್ತೆ. ಹೊಟ್ಟೆ ತಿರುಗಿಸಿದ್ರೆ ಸೀಳುತ್ತಾ ಅಂತ ಗೊತ್ತಾಗುತ್ತೆ. ಗಡ್ಡ ಎಳೆದ್ರೆ ಬ್ರಷ್ಷಿನ ಮೂತಿ ಚೂಪಾಗಿದೆಯಾ ಅಂತ. ಅವತ್ತಿಂದ ಒಂದೊಂದು ಬ್ರಷ್ಷಿಗೂ ಒಂದೊಂದು ಮೇಕೆ. ಕಾಗದಾನೂ ಅವರದ್ದೇ, ಹೋಗೋ ಮುಂಚೆ ಎರಡು ಕಟ್ಟು ಕೊಟ್ಟಿದ್ರು.”

“ಕಣ್ಣು ಯಾಕೆ ಬರೆದಿಲ್ಲ?” ಮೇಡಂ ಕೇಳಿದಳು.

“ಕಣ್ಣಿಡೋಕೆ ಬ್ರಷ್ಷಿನ ಮೂತಿ ಒತ್ತಬೇಕು. ಒತ್ತಿದ್ರೆ ಹಾಳು. ಮಾರೋ ಸರಕಲ್ವಾ?”

ಇಪ್ಪತ್ತೆಂಟು ವರ್ಷ, ಬ್ರಷ್ಷಿಗೊಂದರಂತೆ! ಮೇಕೆ ಮೇಷ್ಟ್ರಿಗಿಂತ ಹೆಚ್ಚು ಮೇಕೆ ಬರೆದವಳು ನಮ್ಮಕ್ಕ. ನಡುಕದ ಪಂಡಿತ ನಲವತ್ತು ಪುಟ ಅತ್ತದ್ದು ಒಂದು ಕಳ್ಳಗೂದಲಿಗೆ. ಸಂತೋಷ ಉಕ್ಕಿ ಬಂತು. ಚಿತ್ರ ಬರೆದವಳು ತಾಯಿ ಎಂದ ಮೇಲೆ ಮಗನ ಮೇಲೆ ಕಳ್ಳತನದ ಕೇಸು ಎಲ್ಲಿ ನಿಲ್ಲುತ್ತದೆ?

“ಸೀಳಿದ ಮೇಕೆಗಳೇ ಯಾಕೆ ಇಷ್ಟೊಂದು ಉಳಿದವು?” ಮೇಡಂ ಬರೆಯುತ್ತಲೇ ಕೇಳಿದಳು.

“ಚೆನ್ನಾಗಿ ಬಂದ ಮೇಕೆನ ಆ ಬ್ರಷ್ಷಿಗೇ ಸುತ್ತಿ ಕೊಡ್ತೀನಿ. ಕೊಂಡವರಿಗೆ ನಂಬಿಕೆ ಬರಲಿ ಅಂತ. ಸೀಳಿದ್ದು ಯಾರಿಗೆ ಕೊಡ್ಲಿ? ಮನೇಲೇ ಉಳೀತಿತ್ತು.”

“ಮನೇಲಿ ಉಳಿದದ್ದು ಗ್ಯಾಲರಿಗೆ ಹೇಗೆ ಹೋಯಿತು ಅಮ್ಮಾ? ಯಾರಿಗೆ ಕೊಡ್ತಿದ್ರಿ?”

ಆ ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ನನಗೆ ತಟ್ಟನೆ ಹೊಳೆಯಿತು. “ಅಕ್ಕ, ಒಂದು ನಿಮಿಷ—” ಎಂದೆ.

“ನೀನು ಸುಮ್ನಿರು. ಅವರು ನನ್ನನ್ನ ಕೇಳ್ತಿದ್ದಾರೆ.” ಅಕ್ಕ ನನ್ನನ್ನು ಕೈಯಿಂದ ಅತ್ತ ಸರಿಸಿದಳು. ಮಗನಿಗೆ ಒಳ್ಳೆಯದಾಗುವ ಮಾತು ಹೇಳುತ್ತಿದ್ದೇನೆ ಎನ್ನುವ ಉತ್ಸಾಹ ಅವಳ ಮುಖದಲ್ಲಿತ್ತು. “ಹೊರಗಿನವರಿಗೆ ಒಂದು ಹಾಳೇನೂ ಕೊಟ್ಟಿಲ್ಲಮ್ಮಾ. ಎಲ್ಲಾ ನನ್ನ ಮಗನೇ ತಗೊಂಡು ಹೋಗ್ತಿದ್ದ. ಫ್ರೇಮಿನ ಹಿಂದೆ ಒತ್ತೋಕೆ ಕಾಗದ ಬೇಕಲ್ಲ, ಅದಕ್ಕೆ. ಒಂದೊಂದನ್ನೂ ಅವನ ಕೈಗೇ ಕೊಟ್ಟಿದ್ದೀನಿ. ಇವು ಅಮ್ಮನ ಮೇಕೆಗಳು ಅಂತ ಅವನಿಗೆ ಚೆನ್ನಾಗಿ ಗೊತ್ತು. ಬೇಕಾದ್ರೆ ಕೇಳಿ ನೋಡಿ.”

ಮೇಡಂ ಪೆನ್ನು ಒಂದು ಗಳಿಗೆ ನಿಂತಿತು. ಅವಳು ನನ್ನ ಕಡೆ ನೋಡಿದಳು. ಇಬ್ಬರಿಗೂ ಗೊತ್ತಿತ್ತು. ‘ಸಾಯುವ ಒಂದು ವಾರ ಮೊದಲು ಮೇಷ್ಟ್ರು ಸ್ವಂತ ಕೈಯಿಂದ ಬರೆದು ನನಗೆ ಕೊಟ್ಟ ಚಿತ್ರಗಳು’ ಎಂದು ಗ್ಯಾಲರಿಗೆ ಸಹಿ ಹಾಕಿ ಪತ್ರ ಕೊಟ್ಟಿದ್ದವನು ಸೋದರಳಿಯ. ಇವತ್ತು ಬೆಳಿಗ್ಗೆ ಆ ಪತ್ರವನ್ನು ಅವನ ಪ್ರಾಮಾಣಿಕತೆಗೆ ಆಧಾರವೆಂದು ಮೇಡಂ ಮೇಜಿನ ಮೇಲೆ ತಂದಿಟ್ಟವನು ನಾನು.

ಗ್ಯಾಲರಿಯವನು ಏನೂ ಮಾಡಿರಲಿಲ್ಲ. ಪರೀಕ್ಷೆಯ ತಜ್ಞ ಬರುತ್ತಾನೆ ಎಂದು ತಿಳಿದಾಗ ಹೆದರಬೇಕಾದವನು ಅವನಾಗಿರಲಿಲ್ಲ. ಅಮ್ಮನ ತಂಟೆಗೆ ಹೋಗ್ಬೇಡಿ ಮಾವ. ಆ ಮಾತನ್ನು ನಾನು ತಾಯಿಯ ಮೇಲಿನ ಮಮತೆ ಎಂದುಕೊಂಡು, ಕಣ್ಣೊರೆಸಿಕೊಂಡು, ನೆಟ್ಟಗೆ ತಾಯಿಯ ಹತ್ತಿರವೇ ಬಂದಿದ್ದೆ. ಕಳ್ಳತನದ ಕೇಸಿಗಾದರೆ ವಕೀಲನೊಬ್ಬ ಏನಾದರೂ ಮಾಡುತ್ತಿದ್ದ. ಸತ್ತ ಮೇಷ್ಟ್ರ ಹೆಸರಿನಲ್ಲಿ ಊರನ್ನೇ ಮೋಸ ಮಾಡಿದವನಿಗೆ ಯಾವ ವಕೀಲ?

ಅವನು ಯಾಕೆ ಹೀಗೆ ಮಾಡಿದ? ನನಗೆ ಹೊಳೆಯಲಿಲ್ಲ. ಹೊಳೆಯುವಷ್ಟು ಹೊತ್ತೂ ಇರಲಿಲ್ಲ.

ಮೇಡಂ ಮತ್ತೆ ಬರೆಯತೊಡಗಿದಳು. ಒಂದು ಮಾತೂ ಬಿಡದೆ, ಸಣ್ಣ ಅಕ್ಷರದಲ್ಲಿ. ಬರೆದು ಮುಗಿಸಿ, ಅಕ್ಕನಿಗೆ ಓದಿ ಹೇಳಿದಳು. ಅಕ್ಕ ಪ್ರತಿ ಸಾಲಿಗೂ “ಹೌದು, ಹೌದು,” ಎಂದು ತಲೆಯಾಡಿಸಿದಳು.

“ಇಲ್ಲಿ ಸಹಿ ಹಾಕಿಯಮ್ಮಾ.”

ಅಕ್ಕ ಕಾಗದದ ಅಂಚನ್ನು ಬೆರಳಿನಿಂದ ಅಳೆದು, ಮುಖ ಪಕ್ಕಕ್ಕೆ ತಿರುಗಿಸಿ, ಸಹಿ ಹಾಕಿದಳು. ಕೈ ಚೂರೂ ನಡುಗಲಿಲ್ಲ.

“ಈಗ ಅವನನ್ನ ಬಿಡ್ತೀರಲ್ಲ?” ಎಂದಳು.

ಮೇಡಂ ರಟ್ಟನ್ನು ತಿರುಗಿಸಿ ನನ್ನ ಮುಂದೆ ಹಿಡಿದಳು. ಪೆನ್ನನ್ನೂ ಕೊಟ್ಟಳು.

“ಕಣ್ಣು ಕಾಣದವರ ಹೇಳಿಕೆ. ಓದಿ ಹೇಳಿದ್ದು ಸರಿಯಿದೆ ಅಂತ ಕಣ್ಣಿರೋ ಒಬ್ಬರು ಸಾಕ್ಷಿ ಹಾಕಬೇಕು. ಇಲ್ಲದಿದ್ದರೆ ಇದು ಬರೀ ಕಾಗದ.” ಅವಳು ನನ್ನನ್ನೇ ನೋಡುತ್ತಿದ್ದಳು. “ನಿಮ್ಮಿಷ್ಟ.”

ನಾನು ಪೆನ್ನು ಹಿಡಿದು ನಿಂತೆ. ಇಪ್ಪತ್ತೆರಡು ವರ್ಷದಲ್ಲಿ ಸುಳ್ಳಿಗೆ ಸಹಿ ಹಾಕಿದವನಲ್ಲ ನಾನು, ಇದಂತೂ ಅಪ್ಪಟ ಸತ್ಯ. ಆದರೂ ಕೈ ಕಾಗದಕ್ಕೆ ಇಳಿಯಲಿಲ್ಲ.

ಪಕ್ಕದಿಂದ ಅಕ್ಕ ನನ್ನ ತೋಳನ್ನು ಹುಡುಕಿ ಹಿಡಿದು ಅಲುಗಿಸಿದಳು.

“ಹಾಕೋ ಬೇಗ. ಏನು ಯೋಚನೆ ಮಾಡ್ತಾ ನಿಂತೆ? ನೀನು ಹಾಕಿದ್ರೆ ತಾನೇ ನನ್ನ ಮಗ ಮನೆಗೆ ಬರೋದು?”